ಕರೆಂಟ್ ಹಿಡಿಸುವ ಮುನ್ನ: ಬಾಗಲವಾಡ ಸೀಮೆಯ ಮನೆಗಳಿಗೆ ಒಂದು ಬಹಿರಂಗ ಪತ್ರ

ಲಕ್ವಾ ಹೊಡೆದವರನ್ನು, ಕೈನಡುಕದ ರೋಗ ಬಂದವರನ್ನು ಮನೆಯಲ್ಲಿಟ್ಟುಕೊಂಡು ಸಲಹುತ್ತಿರುವ ಬಾಗಲವಾಡ, ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ ಕಡೆಯ ಅಕ್ಕಂದಿರೇ, ಅಣ್ಣಂದಿರೇ,

ನಾನು ರಾಯಚೂರಿನಲ್ಲಿ ಫಿಜಿಯೋಥೆರಪಿ ಮಾಡುವವಳು. ನಿಮ್ಮಲ್ಲಿ ಎಷ್ಟೋ ಮಂದಿಗೆ ನಾನು 'ವ್ಯಾಯಾಮದ ಮೇಡಂ'. ಅಪ್ಪನನ್ನೋ ಅತ್ತೆಯನ್ನೋ ಆಟೋದಿಂದ ಇಳಿಸಿ ಕರೆತಂದವರು ಕೂಡ್ರುವ ಮೊದಲೇ ಕೇಳುವ ಮಾತು ಒಂದೇ: "ಮೇಡಂ, ಕರೆಂಟ್ ಹಿಡಿಸಿದ್ರ ಕೈ ಬರ್ತದೇನ್ರಿ?" ಇದಕ್ಕೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಪೂರ್ತಿ ಉತ್ತರ ಹೇಳಲು ಹೊರಟರೆ ನಿಮ್ಮ ಊರಿನ ಕಡೇ ಬಸ್ಸು ತಪ್ಪುತ್ತದೆ. ಅದಕ್ಕೇ ಈ ಪತ್ರ.

ಇನ್ನೂ ಒಂದು ಕಾರಣವಿದೆ. ಈಚೆಗೆ ಕಲ್ಯಾಣ ಮಂಟಪಗಳಲ್ಲಿ, ಅಂಗಡಿ ಮಳಿಗೆಗಳಲ್ಲಿ 'ಉಚಿತ ಥೆರಪಿ ಶಿಬಿರ'ಗಳು ನಡೆಯುತ್ತವೆ. ಮೊದಲ ಕೆಲವು ದಿನ ಪುಕ್ಕಟೆ. ಪಾದದಡಿ ಒಂದು ಯಂತ್ರ, ಕೈಗೆ ಒಂದು ಪಟ್ಟಿ, ಜುಂ ಜುಂ ಅನ್ನುವ ಕರೆಂಟು. ಹಿರಿಯರಿಗೆ ಹಿತವಾಗುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕುತ್ತಾರೆ, ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಯಂತ್ರದ ಬೆಲೆ ಹೇಳುತ್ತಾರೆ. ಸಂಘದ ಸಾಲ ತೆಗೆದು ಅದನ್ನು ಕೊಂಡ ಮನೆಯೊಂದು ನನಗೆ ಗೊತ್ತು. ಈಗ ಆ ಯಂತ್ರ ಕಾಳಿನ ಚೀಲದ ಹಿಂದೆ ಬಿದ್ದಿದೆ, ಕಂತು ಮಾತ್ರ ತಪ್ಪಿಲ್ಲ. ಅದಕ್ಕಿಂತ ಸಂಕಟವೆಂದರೆ, ಯಂತ್ರ ಬಂತೆಂದು ಆ ಮನೆಯವರು ಮುದುಕರ ಗುಳಿಗೆ ನಿಲ್ಲಿಸಿದ್ದರು.

ಮೊದಲು ಒಂದು ಗೊಂದಲ ಬಿಡಿಸೋಣ. ನಾವೆಲ್ಲ 'ಕರೆಂಟ್' ಎಂದು ಒಂದೇ ಹೆಸರಿನಲ್ಲಿ ಕರೆಯುವುದು ನಾಲ್ಕಾರು ಬೇರೆ ಬೇರೆ ಚಿಕಿತ್ಸೆಗಳನ್ನು. ಸೊಂಟನೋವಿಗೆ, ಮಂಡಿನೋವಿಗೆ ಹಿಡಿಸುವ ಟೆನ್ಸ್ ಯಂತ್ರ ನೋವಿನ ಸುದ್ದಿ ಮಿದುಳಿಗೆ ಹೋಗುವುದನ್ನು ತಗ್ಗಿಸುತ್ತದೆ. ಲಕ್ವಾಕ್ಕೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಸ್ನಾಯುವಿನ ಮೇಲೆ ಪಟ್ಟಿ ಅಂಟಿಸಿ ಮಣಿಕಟ್ಟನ್ನು ಮೇಲೆತ್ತಿಸುವ ಯಂತ್ರ ಬೇರೆ. ತಲೆಯ ಮೇಲೆ ಆಯಸ್ಕಾಂತದ ಸುರುಳಿ ಹಿಡಿದು ಮಿದುಳನ್ನೇ ಪ್ರಚೋದಿಸುವ ಟಿಎಂಎಸ್ ಬೇರೆ, ಸಣ್ಣ ಬ್ಯಾಟರಿಯಿಂದ ಒಂದೆರಡು ಮಿಲಿಆಂಪಿಯರ್ ಹರಿಸುವ ಟಿಡಿಸಿಎಸ್ ಬೇರೆ. ಕಿವಿಯ ಚರ್ಮದ ಮೂಲಕ ವೇಗಸ್ ಎಂಬ ನರವನ್ನು ಮುಟ್ಟುವುದು ಮತ್ತೂ ಬೇರೆ. ಎಲ್ಲದರಲ್ಲೂ ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಮುಖದ ಲಕ್ವಾದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಯಿ ಒಂದು ಕಡೆ ಸೊಟ್ಟಗಾಗಿ ಕಣ್ಣು ಮುಚ್ಚಲು ಬಾರದಂತಾಗುವ ಬೆಲ್ಸ್ ಪಾಲ್ಸಿ ಹತ್ತರಲ್ಲಿ ಏಳು ಮಂದಿಗೆ ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ. ಆ ನಡುವೆ ಯಾರು ಕರೆಂಟ್ ಹಿಡಿಸಿದ್ದರೋ, ಯಾರು ಪಾರಿವಾಳದ ಸಾರು ಕುಡಿಸಿದ್ದರೋ, ಹೆಸರು ಅವರಿಗೇ ಹೋಗುತ್ತದೆ. ಆದರೆ ಸೊಟ್ಟಬಾಯಿಯ ಜತೆ ಕೈಕಾಲು ಸೋತರೆ, ಮಾತು ತೊದಲಿದರೆ, ಅದು ಮಿದುಳಿನ ಲಕ್ವಾ. ಆಗ ಯಾವ ಸಾರೂ ಬೇಡ, ಕರೆಂಟೂ ಬೇಡ, ನೇರ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮ್ಮ ಹಳ್ಳಿಗಳಿಂದ ರಾಯಚೂರು ಮುಟ್ಟುವಷ್ಟರಲ್ಲಿ ಅದರಲ್ಲಿ ಎಷ್ಟು ಹೊತ್ತು ಕಳೆದಿರುತ್ತದೆ ಎಂಬುದು ನಿಮಗೇ ಗೊತ್ತು.

ಈಗ ಕಿವಿಯ ವಿಷಯ. ಕಡ್ಡಿಯಿಂದ ಕಿವಿ ಕೆರೆದುಕೊಳ್ಳುವಾಗ ಕೆಲವರಿಗೆ ಗಂಟಲು ಕೆರಳಿ ಕೆಮ್ಮು ಬರುತ್ತದೆ. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರಿರಬಹುದು. ಕಿವಿಗೂ ಗಂಟಲಿಗೂ ಏನು ನಂಟು? ಮಿದುಳಿನ ಬುಡದಿಂದ ಹೊರಟು ಗಂಟಲು, ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಚಿಕ್ಕ ಕವಲು ಕಿವಿಗೂ ಬರುತ್ತದೆ. ದೇಹದ ಒಳಗೆಲ್ಲ ಅಡಗಿ ಓಡಾಡುವ ಈ ನರ ಚರ್ಮದ ಹತ್ತಿರ ಸಿಗುವುದು ಇಲ್ಲೇ. ವಿಜ್ಞಾನಿಗಳು ಹಿಡಿದದ್ದೂ ಈ ಕವಲನ್ನೇ. ಕಿವಿಯ ಬಟ್ಟಲಿನ ಮೇಲಿನ ತಗ್ಗಿನಲ್ಲಿ ಸಣ್ಣ ಗುಂಡಿಯಂಥದ್ದನ್ನಿಟ್ಟು ಸಣ್ಣ ಕರೆಂಟ್ ಹರಿಸಿದರೆ, ಆ ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಜಾಗ ಎಚ್ಚೆತ್ತುಕೊಳ್ಳುತ್ತದೆ. ಅಲ್ಲಿರುವುದು ಕೆಲವು ಹತ್ತು ಸಾವಿರ ನರಕೋಶ ಮಾತ್ರ, ಆದರೆ ಅವುಗಳ ಎಳೆಗಳು ಮಿದುಳಿನ ಮೂಲೆಮೂಲೆಗೂ ಹಬ್ಬಿ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ. ಎಚ್ಚರ, ಗಮನ, ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ, ಇವೆಲ್ಲ ಅದರ ಕೈಯಲ್ಲಿವೆ. ಜತೆಗೆ ಅಸಿಟೈಲ್‌ಕೋಲಿನ್, ಸೆರೊಟೋನಿನ್ ಎಂಬ ಇನ್ನೆರಡು ರಾಸಾಯನಿಕಗಳ ಹರಿವೂ ಬದಲಾಗುತ್ತದೆ.

ಇದರಿಂದ ಕೈಗೆ ಏನು ಸಿಕ್ಕಿತು? ಇಲ್ಲೇ ನನ್ನ ಮಾತಿನ ಜೀವವಿದೆ, ದಯಮಾಡಿ ನಿಧಾನಕ್ಕೆ ಓದಿ.

ಲಕ್ವಾದಲ್ಲಿ ಕೈಯನ್ನು ಆಡಿಸುತ್ತಿದ್ದ ಮಿದುಳಿನ ಭಾಗ ಸತ್ತಿರುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಅಕ್ಕಪಕ್ಕದ ಕೋಶಗಳು ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯಲ್ಲಿ ಮೈಕೆಲ್ ಕಿಲ್ಗಾರ್ಡ್ ಅವರ ತಂಡ ಇಲಿಗಳಲ್ಲಿ ಇದನ್ನು ನೋಡಿತು. ಇಲಿ ಮುಂಗಾಲಿನಿಂದ ಒಂದು ಕೆಲಸ ಮಾಡುವ ಅದೇ ಗಳಿಗೆಗೆ ವೇಗಸ್ ನರಕ್ಕೆ ಕರೆಂಟ್ ಕೊಟ್ಟರೆ, ಮಿದುಳಿನಲ್ಲಿ ಆ ಚಲನೆಗೆ ಮೀಸಲಾದ ಜಾಗ ಹಿಗ್ಗಿತು. ಅಸಿಟೈಲ್‌ಕೋಲಿನ್ ಒದಗಿಸುವ ಕೋಶಗಳನ್ನು ಮೊದಲೇ ನಾಶ ಮಾಡಿದ ಇಲಿಗಳಲ್ಲಿ ಅಷ್ಟೇ ಕರೆಂಟ್, ಅಷ್ಟೇ ಕೆಲಸ, ಆದರೆ ಜಾಗ ಹಿಗ್ಗಲಿಲ್ಲ. ಕರೆಂಟು ತಾನೇ ಕೈ ಎತ್ತಿಸಲಿಲ್ಲ, ಅದು ರಾಸಾಯನಿಕವನ್ನು ಎಬ್ಬಿಸಿತು. ರಾಸಾಯನಿಕ ಮಿದುಳನ್ನು ಕಲಿಯಲು ಅಣಿ ಮಾಡಿತು. ಕಲಿಸಿದ್ದು ಕೈ ಮಾಡಿದ ಕೆಲಸ. ಮಳೆ ಬಿದ್ದು ನೆಲ ಹದವಾದಾಗ ಬಿತ್ತಿದರಷ್ಟೇ ಬೆಳೆ, ಹದ ನೋಡಿಕೊಂಡು ಸುಮ್ಮನೆ ಕೂತರೆ ಕಸ.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯ ಫಲ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬ್ರಿಟನ್, ಅಮೆರಿಕದ 108 ಲಕ್ವಾ ರೋಗಿಗಳು. ಎಲ್ಲರಿಗೂ ಎದೆಯ ಚರ್ಮದಡಿ ಚಿಕ್ಕ ಯಂತ್ರ ಕೂಡಿಸಿದ್ದರು, ಅಂದರೆ ಇದು ಕೊಯ್ದು ಮಾಡಿದ್ದು. ಆರು ವಾರ, ವಾರಕ್ಕೆ ಮೂರು ಸಲ ಕೈಕೆಲಸ ಮಾಡಿಸಿದರು. ಪ್ರತಿ ಸಲ ಕೈ ಆಡಿಸಿದಾಗ ವೇಗಸ್ ನರಕ್ಕೆ ಅರ್ಧ ಸೆಕೆಂಡಿನಷ್ಟು ಕರೆಂಟು. ಅರ್ಧದಷ್ಟು ಜನರಿಗೆ ಯಂತ್ರವಿದ್ದರೂ ನಿಜವಾದ ಪ್ರಚೋದನೆ ಕೊಡಲಿಲ್ಲ. ಮೂರು ತಿಂಗಳ ನಂತರ ನೋಡಿದರೆ, ಕರೆಂಟ್ ಸಿಕ್ಕವರಲ್ಲಿ 47 ಪ್ರತಿಶತ ಜನರ ಕೈ ಎದ್ದು ಕಾಣುವಷ್ಟು ಸುಧಾರಿಸಿತ್ತು. ಸಿಗದವರಲ್ಲಿ 24 ಪ್ರತಿಶತ. ಈ ಎರಡನೇ ಅಂಕಿಯ ಮುಂದೆ ಸ್ವಲ್ಪ ನಿಲ್ಲಿ. ಕರೆಂಟೇ ಇಲ್ಲದೆ, ಬರೀ ಕೈಕೆಲಸ ಮಾಡಿಸಿದ್ದಕ್ಕೇ ನಾಲ್ವರಲ್ಲಿ ಒಬ್ಬರ ಕೈ ಸುಧಾರಿಸಿತು, ಅದೂ ಲಕ್ವಾ ಹೊಡೆದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆದವರಲ್ಲಿ. ಕೈಕೆಲಸವಿಲ್ಲದೆ ಬರೀ ಕರೆಂಟ್ ಕೊಟ್ಟ ಗುಂಪು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ. ಕಿವಿಯ ಮೂಲಕ, ಕೊಯ್ಯದೆ ಮಾಡಿದ ಪರೀಕ್ಷೆಗಳು ಆಶೆ ಹುಟ್ಟಿಸುತ್ತವೆ, ಆದರೆ ಅವು ಚಿಕ್ಕ ಚಿಕ್ಕ ಪರೀಕ್ಷೆಗಳು. ಅವನ್ನು ತೋರಿಸಿ ನಿಮಗೆ ಯಂತ್ರ ಮಾರಲು ಬಂದವರನ್ನು ನಂಬಬೇಡಿ.

ಟಿಡಿಸಿಎಸ್‌ನ ಕಥೆಯೂ ಇದಕ್ಕೆ ಹತ್ತಿರದ್ದೇ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಕೋಶಗಳ ಚಟುವಟಿಕೆಯನ್ನು ತಡೆದು ಹಿಡಿಯುತ್ತದೆ. ಆಕ್ಸ್‌ಫರ್ಡಿನ ಷಾರ್ಲಟ್ ಸ್ಟ್ಯಾಗ್ ಮತ್ತು ಸಂಗಡಿಗರು 2009ರಲ್ಲಿ, ತಲೆಯ ಮೇಲಿಂದ ಒಂದು ಮಿಲಿಆಂಪಿಯರ್ ಹರಿಸಿದಾಗ ಆ ಜಾಗದ ಗಾಬಾ ಇಳಿಯುವುದನ್ನು ಸ್ಕ್ಯಾನಿನಲ್ಲಿ ಅಳೆದರು. 2011ರಲ್ಲಿ ಇನ್ನೊಂದು ಹೆಜ್ಜೆ: ಯಾರ ಗಾಬಾ ಹೆಚ್ಚು ಇಳಿಯಿತೋ ಅವರು ಬೆರಳಿನ ಹೊಸ ಕಸರತ್ತನ್ನು ಚೆನ್ನಾಗಿ ಕಲಿತರು. ಇಲ್ಲೂ ಕಲಿಯಲು ಒಂದು ಕೆಲಸ ಕೊಟ್ಟಿದ್ದರು ಎಂಬುದನ್ನು ಮರೆಯಬೇಡಿ.

ಇನ್ನು ನಡುಕದ ರೋಗ. ಚಾದ ಕಪ್ಪು ಎತ್ತಿ ಬಾಯಿಗೆ ಒಯ್ಯುವಾಗ ಕೈ ನಡುಗುವುದು ಒಂದು ಥರ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈಯಲ್ಲಿ ಹೆಬ್ಬೆರಳು ತೋರುಬೆರಳು ಬತ್ತಿ ಹೊಸೆದಂತೆ ಆಡುವುದು ಇನ್ನೊಂದು ಥರ. ಎರಡನೆಯದು ಪಾರ್ಕಿನ್‌ಸನ್ ಇರಬಹುದು. ಜತೆಗೆ ಮೈ ಬಿಗಿತ, ಹೆಜ್ಜೆ ಸಣ್ಣದಾಗುವುದು, ದನಿ ತಗ್ಗುವುದು. ಮೊದಲನೆಯದಕ್ಕೆ ಅಮೆರಿಕದಲ್ಲಿ 2018ರಲ್ಲೇ ಮಣಿಕಟ್ಟಿಗೆ ಕಟ್ಟುವ ಪ್ರಚೋದಕ ಪಟ್ಟಿಯೊಂದಕ್ಕೆ ಒಪ್ಪಿಗೆ ಸಿಕ್ಕಿದೆ. ಹಾಗೆಂದು ಆ ಪಟ್ಟಿಯನ್ನು ಪಾರ್ಕಿನ್‌ಸನ್ನಿಗೆ ಕಟ್ಟಿದರೆ ಅದೇ ಫಲ ಸಿಗುತ್ತದೆಂದು ತಿಳಿಯಬಾರದು. ಆದ್ದರಿಂದ ಯಾವ ನಡುಕವೆಂದು ಡಾಕ್ಟರಿಂದ ತಿಳಿದುಕೊಳ್ಳುವುದೇ ಮೊದಲ ಕೆಲಸ.

ಪಾರ್ಕಿನ್‌ಸನ್‌ನಲ್ಲಿ ಡೋಪಮಿನ್ ಸುರಿಸುವ ಕೋಶಗಳು ಸಾಯುತ್ತವೆ. ಡೋಪಮಿನ್ ಕಡಿಮೆಯಾದರೆ ಚಲನೆ ನಿಲ್ಲುತ್ತದೆ ಎಂದು ತೋರಿಸಿದ ಪ್ರಯೋಗದ ಹಿಂದೆ ನಮ್ಮ ನೆಲದ ಗಿಡವೊಂದಿದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟಾಗ ಮೊಲಗಳು ಕದಲದೆ ಕೂತವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವುಗಳಿಗೆ ಡೋಪಮಿನ್ ಆಗಿ ಮಾರ್ಪಡುವ ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಅವರಿಗೆ 2000ದಲ್ಲಿ ನೊಬೆಲ್ ಬಂತು. ಈ ರೋಗದ ಗುಳಿಗೆಯಲ್ಲಿರುವ ಆ ಡೋಪಾ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೆ. ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಆದ್ದರಿಂದ ನಾಟಿ ಔಷಧವೆಂದು ನಸುಗುನ್ನಿ ಪುಡಿ ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಗುಳಿಗೆಯ ಜತೆ ಅದೂ ಸೇರಿದರೆ ಡೋಪಾ ಅತಿಯಾಗುತ್ತದೆ. ಕಳೆನಾಶಕ ಹೊಡೆಯುವವರಿಗೆ ಒಂದು ಮಾತು: ಅಮೆರಿಕದಲ್ಲಿ ಈ ಔಷಧಗಳನ್ನು ಹೊಡೆಯುವವರ ನಡುವೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್‌ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತ್ತು. ಹತ್ತಿ ಹೊಲಕ್ಕೆ ಬರಿಗೈಯಲ್ಲಿ ಔಷಧ ಕಲಸುವವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಕಲಸಿದಂತಾಗುತ್ತದೆ.

ಮತ್ತೆ ಕರೆಂಟಿನ ಮಾತಿಗೆ ಬರೋಣ. ಹೊರಗಿನಿಂದ ಕೊಡುವ ಪ್ರಚೋದನೆಗೆ ಡೋಪಮಿನ್ ಸುರಿಯುತ್ತದೆಯೇ? ಸುರಿಯುತ್ತದೆ. ಟಿಎಂಎಸ್ ಯಂತ್ರವನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ 1985ರಲ್ಲಿ ತೋರಿಸಿದರು: ತಲೆಯ ಮೇಲೆ ಸುರುಳಿ ಹಿಡಿದರೆ ಆಚೆಯ ಕೈಬೆರಳು ಜಿಗಿಯಿತು. ಮಾಂಟ್ರಿಯಲ್‌ನಲ್ಲಿ ಆಂಟೋನಿಯೋ ಸ್ಟ್ರಾಫೆಲ್ಲಾ 2003ರಲ್ಲಿ, ಚಲನೆಯ ಭಾಗಕ್ಕೆ ಟಿಎಂಎಸ್ ಕೊಟ್ಟಾಗ ಮಿದುಳಿನ ಆಳದಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು ಸ್ಕ್ಯಾನಿನಲ್ಲಿ ಕಂಡರು. ಅದೇ ಸ್ಟ್ರಾಫೆಲ್ಲಾ 2006ರಲ್ಲಿ ಪಾರ್ಕಿನ್‌ಸನ್ ರೋಗಿಗಳಿಗೆ ಸುಳ್ಳು ಟಿಎಂಎಸ್ ಕೊಟ್ಟರು. ಸದ್ದು ಬಂತು, ಪ್ರಚೋದನೆ ಇರಲಿಲ್ಲ. ಆಗಲೂ ಡೋಪಮಿನ್ ಸುರಿಯಿತು! ಅದಕ್ಕೂ ಮೊದಲೇ, 2001ರಲ್ಲಿ, ಕೆನಡಾದ ವ್ಯಾಂಕೋವರ್‌ನವರು ಬರೀ ಉಪ್ಪುನೀರಿನ ಇಂಜೆಕ್ಷನ್ನಿಗೂ ಹಾಗೇ ಆಗುವುದನ್ನು ಕಂಡಿದ್ದರು. ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೇ ಈ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಬಿಡಿಸುತ್ತದೆ.

ಶಿಬಿರದಲ್ಲಿ ನಿಮ್ಮ ಅಪ್ಪ ಎದ್ದು ನಾಲ್ಕು ಹೆಜ್ಜೆ ಹಾಕಿದ್ದು ನಾಟಕವಲ್ಲ. ಆ ಹೆಜ್ಜೆ ನಿಜ, ಆ ಹಿತ ನಿಜ, ಸುರಿದ ಡೋಪಮಿನ್ ನಿಜ. "ನಿಮ್ಮಪ್ಪ ಸುಮ್ನೆ ಮಾಡ್ತಾನ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಆದರೆ ಆ ಹೆಜ್ಜೆಗೆ ಕಾರಣ ಯಂತ್ರವೇ ಎಂದು ಹೇಗೆ ಹೇಳುವುದು? ಸುತ್ತ ಜನ, ಚಪ್ಪಾಳೆ, ಮಗನ ಮುಖದ ಆಶೆ, ಇವೂ ಅಲ್ಲಿದ್ದವು. ಯಂತ್ರ ಮನೆಗೆ ಬಂದು ಹೊಸತನ ಮುಗಿದ ಮೇಲೆ ಆ ಹಿತ ಕರಗುತ್ತದೆ, ಗುಳಿಗೆ ಬಿಟ್ಟಿದ್ದರೆ ಮೈ ಇನ್ನಷ್ಟು ಬಿಗಿಯುತ್ತದೆ. ಡೋಪಾ ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಗುಳಿಗೆ ಊಟಕ್ಕೆ ಅರ್ಧ ತಾಸು ಮೊದಲು ಕೊಟ್ಟರೆ ಚೆನ್ನಾಗಿ ಹತ್ತುತ್ತದೆ. ಬೇಳೆ, ಹಾಲು, ಮೊಟ್ಟೆಯ ಜತೆ ಕೊಟ್ಟರೆ ಅದರ ಬಲ ಕುಗ್ಗುತ್ತದೆ. ಇಷ್ಟನ್ನು ಸರಿಮಾಡಿಕೊಂಡೇ ನಡಿಗೆ ಸುಧಾರಿಸಿದವರನ್ನು ನಾನು ನೋಡಿದ್ದೇನೆ.

ಕರ್ನಾಟಕದಲ್ಲಿ ಮಿದುಳಿನ ಇಂಥ ಚಿಕಿತ್ಸೆಯನ್ನು ಬಲ್ಲವರಿದ್ದಾರೆ. ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಾರ್ಕಿನ್‌ಸನ್ ನಡುಕಕ್ಕೆ ತಲೆಬುರುಡೆ ಕೊರೆಯದೆ ಸೂಜಿಯಿಂದ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದವರು ಡಾ. ಆರ್.ಎಂ. ವರ್ಮ. ಮುಂದೆ ಅದೇ ನಿಮ್ಹಾನ್ಸ್‌ನ ನರವಿಜ್ಞಾನ ವಿಭಾಗದಲ್ಲಿ ಡಾ. ಪ್ರಮೋದ್ ಕುಮಾರ್ ಪಾಲ್ ಮತ್ತು ಸಂಗಡಿಗರು ಟಿಎಂಎಸ್‌ನಿಂದ ಚಲನೆಯ ರೋಗಗಳನ್ನು ಅಭ್ಯಾಸ ಮಾಡಿದ್ದಾರೆ. ಮನೋವೈದ್ಯ ವಿಭಾಗದಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಟಿಡಿಸಿಎಸ್ ಚಿಕಿತ್ಸೆ ನಡೆಸುತ್ತದೆ. ಅವರಿಗೆ 2018ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದಿತ್ತು. ಇಂಥ ಯಂತ್ರಕ್ಕೆ ತಲೆ ಕೊಡುವುದಾದರೆ ಅಲ್ಲಿ ಕೊಡಿ: ಮೊದಲು ಪರೀಕ್ಷೆ, ತಲೆಯೊಳಗೆ ಲೋಹದ ತುಂಡು ಇದೆಯೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಮೂರ್ಛೆರೋಗ ಇದೆಯೇ ಎಂಬ ವಿಚಾರಣೆ, ಆಮೇಲೆ ಚಿಕಿತ್ಸೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಮನೆಯ ಯಂತ್ರದ ಕರೆಂಟ್ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ ಎಂಬುದನ್ನು ಆ ಮಾರುವವರು ಹೇಳುವುದನ್ನು ನಾನು ಕೇಳಿಲ್ಲ.

ಆದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಲಕ್ವಾದವರನ್ನು ರಾತ್ರಿಯಿಡೀ ಕೂಡಿಸಿಕೊಂಡು ಬೆಂಗಳೂರಿಗೆ ಹೋಗುವುದೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿಂದ ಕೂತ ಧರಣಿ ಸಾವಿರ ದಿನ ದಾಟಿದ್ದು ಈ ದೂರದ ಕಾರಣಕ್ಕೇ. ಆ ಹೋರಾಟದ ಜತೆ ನಾನಿದ್ದೇನೆ. ಏಮ್ಸ್ ಬರುವವರೆಗೆ ಕೈ ಕಾಯುವುದಿಲ್ಲವಾದ್ದರಿಂದ, ಈಗಲೇ ನಮ್ಮ ಹಕ್ಕಿನಲ್ಲಿರುವುದನ್ನು ಕೇಳಿ ಪಡೆಯೋಣ. ನಿಮ್ಹಾನ್ಸ್ ಜತೆಗೂಡಿ ಸರ್ಕಾರ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿದ್ದವು, ನಂತರ ಉಳಿದ ಜಿಲ್ಲೆಗಳಿಗೂ ಚಾಚಿದವು. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋದಾಗ ಅದರ ದಿನ ಯಾವುದೆಂದು ಕೇಳಿ. ಪಾರ್ಕಿನ್‌ಸನ್ ರೋಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿದೆ. ನಡುಕದ ರೋಗಿಗೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದೆಂದು ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಆ ಅರ್ಜಿ ಹಾಕಿಸಿ.

ಮನೆಯಲ್ಲಿ ಮಾಡುವ ಕೆಲಸವನ್ನು ನೀವೇ ಆರಿಸಿಕೊಳ್ಳಿ. ನನ್ನ ಬಳಿ ಬರುವ ಒಬ್ಬ ತಾಯಿಗೆ ರಬ್ಬರ್ ಚೆಂಡು ಹಿಚುಕುವುದೆಂದರೆ ಬೇಸರ. ಸೊಸೆ ಒಂದು ಮೊರದ ತುಂಬ ಒಣ ಮೆಣಸಿನಕಾಯಿ ತಂದಿಟ್ಟಳು. ಸೋತ ಬಲಗೈಯ ಎರಡು ಬೆರಳಲ್ಲಿ ಕಾಯಿ ಹಿಡಿದು, ಎಡಗೈಯಿಂದ ತೊಟ್ಟು ಮುರಿಯಬೇಕು. ಮೊದಮೊದಲು ಕಾಯಿ ಜಾರಿ ಜಾರಿ ಬೀಳುತ್ತಿತ್ತು. ಸೊಸೆ ಎತ್ತಿಕೊಡಲಿಲ್ಲ, ಪಕ್ಕದಲ್ಲಿ ಕೂತು ತಾನೂ ಬಿಡಿಸಿದಳು, ಮಾತಾಡಿಸಿದಳು. ಈಗ ಆ ತಾಯಿ ಬಲಗೈಯಲ್ಲಿ ರೊಟ್ಟಿ ಮುರಿದುಕೊಳ್ಳುತ್ತಾರೆ. ಲ್ಯಾನ್ಸೆಟ್‌ನ ಆ ಪರೀಕ್ಷೆಯಲ್ಲಿ ಒಂದು ಸಲ ಕೂತಾಗ ಮುನ್ನೂರಕ್ಕೂ ಹೆಚ್ಚು ಸಲ ಕೈ ಆಡಿಸಿದ್ದರು. ಒಂದು ಮೊರದಲ್ಲಿ ಅದಕ್ಕಿಂತ ಹೆಚ್ಚು ಮೆಣಸಿನಕಾಯಿ ಇರುತ್ತವೆ. ಹತ್ತಿ ಬಿಡಿಸುವುದೂ ಆದೀತು, ಅಕ್ಕಿ ಆರಿಸುವುದೂ ಆದೀತು. ಹೊಟ್ಟೆ ತುಂಬಿ ತೂಕಡಿಸುವ ಹೊತ್ತು ಬೇಡ, ನಿದ್ದೆ ಮುಗಿಸಿ ಎಚ್ಚರವಿರುವ ಹೊತ್ತು ನೋಡಿ. ನಾರ್‌ಅಡ್ರಿನಾಲಿನ್ ಆಗ ತಾನಾಗಿಯೇ ಏರಿರುತ್ತದೆ, ಅದಕ್ಕೆ ಯಾವ ಕಂತೂ ಕಟ್ಟಬೇಕಿಲ್ಲ.

ಕೊನೆಗೆ ಒಂದು ಕೋರಿಕೆ. 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಹಿರಿಯರ ಕ್ಲಿನಿಕ್ ನಡೆಯಬೇಕು, ಹಾಸಿಗೆ ಹಿಡಿದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಪುನರ್ವಸತಿ ಕಾರ್ಯಕರ್ತರು ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಊರಿಗೆ ಆ ಕಾರ್ಯಕರ್ತರು ಯಾವ ದಿನ ಬರುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಉತ್ತರ ಸಿಗದಿದ್ದರೆ ಆ ಪ್ರತಿಯ ಜತೆ ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ. ಅರ್ಜಿ ಬರೆಯಲು ನೆರವು ಬೇಕಾದರೆ ವ್ಯಾಯಾಮಕ್ಕೆ ಬಂದಾಗ ನನ್ನನ್ನು ಕೇಳಿ, ಬರೆದುಕೊಡುತ್ತೇನೆ.

ಇಂತಿ ನಿಮ್ಮ,
ರಾಯಚೂರಿನ ವ್ಯಾಯಾಮದ ಮೇಡಂ